ಯಾರು ಯಾರೆಂದು ಮಗುವಿಗೆ ಗೊತ್ತು

ಕಳೆದ ಭಾನುವಾರ ತಂಗಿಯ ಮಗಳ ಪಕ್ಕದಲ್ಲಿ ಕುಳಿತು ಗಾರ್ಫೀಲ್ಡ್ ಬೆಕ್ಕಿನ ಎರಡನೆಯ ಚಿತ್ರವನ್ನು, ಅಂದರೆ 2006ರಲ್ಲಿ ತೆರೆಕಂಡ ‘ಗಾರ್ಫೀಲ್ಡ್: ಎ ಟೇಲ್ ಆಫ್ ಟು ಕಿಟ್ಟೀಸ್’ ಅನ್ನು ನೋಡಿದೆ. ಲಂಡನ್ನಿನಲ್ಲಿ ಗಾರ್ಫೀಲ್ಡನ್ನು ಸಾಕುವ ಜಾನ್ ಯಾರದೋ ಬೆಕ್ಕನ್ನು ತನ್ನ ಗಾರ್ಫೀಲ್ಡ್ ಎಂದೇ ತಿಳಿದು ಹೋಟೆಲಿಗೆ ಎತ್ತಿಕೊಂಡು ಹೊರಟಾಗ ಅವಳು ಎದ್ದು ನಿಂತು, “ದೊಡ್ಡಮ್ಮ, ಅದು ಅವನ ಬೆಕ್ಕಲ್ಲ! ಅವನಿಗೆ ಗೊತ್ತೇ ಆಗ್ತಿಲ್ಲ!” ಎಂದು ಕೂಗಿದಳು. ಈ ವಾರವೆಲ್ಲ ಆ ಕೂಗು ನನ್ನ ಕಿವಿಯಲ್ಲಿದೆ. ಅದರಲ್ಲಿ ಸಿಟ್ಟೂ ಇತ್ತು, ಹೇಳಲಾಗದಷ್ಟು ಸಂತೋಷವೂ ಇತ್ತು.

ಅವಳ ತಂದೆ ಒಳ್ಳೆಯ ಮನುಷ್ಯ; ಆದರೆ ಯಾವ ಚಿತ್ರವಾದರೂ ಮೊದಲು ಅದಕ್ಕೆ ಎಷ್ಟು ಅಂಕ ಬಂದಿದೆ ಎಂದು ನೋಡುವವರು. “ಅತ್ತಿಗೆ, ವಿಮರ್ಶಕರೆಲ್ಲ ಬೈದಿರೋ ಸಿನಿಮಾ ಇದು” ಎಂದು ಹೇಳಿ ಒಳಗೆ ಹೋದರು. ವಿಮರ್ಶಕರು ಬೈದದ್ದು ನಿಜ. ಆದರೆ ಮಗು ಏನನ್ನು ಕಂಡು ಎದ್ದು ನಿಂತಿತೋ ಅದನ್ನು ಅವರು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲವೆಂದೇ ನನ್ನ ನಂಬಿಕೆ.

ಕಥೆ ಸರಳ. ಲೇಡಿ ಎಲಿನರ್ ತೀರಿಕೊಳ್ಳುವಾಗ ತನ್ನ ಕೋಟೆಯಂಥ ಮನೆಯನ್ನು ಪ್ರಿನ್ಸ್ ಎಂಬ ಬೆಕ್ಕಿನ ಹೆಸರಿಗೆ ಬರೆದಿರುತ್ತಾಳೆ. ಆಸ್ತಿಯ ಮೇಲೆ ಕಣ್ಣಿಟ್ಟ ಸಂಬಂಧಿ ಡಾರ್ಗಿಸ್ ಆ ಬೆಕ್ಕನ್ನು ನೀರಿಗೆ ಎಸೆಯುತ್ತಾನೆ; ಅದು ಪಾರಾಗಿ ಜಾನ್‌ನ ಕೈಗೆ ಸಿಗುತ್ತದೆ. ಅತ್ತ ಬಟ್ಲರ್ ಸ್ಮಿಥೀ, ಗಾರ್ಫೀಲ್ಡನ್ನೇ ಪ್ರಿನ್ಸ್ ಎಂದು ಭಾವಿಸಿ ಅರಮನೆಗೆ ಕರೆದೊಯ್ಯುತ್ತಾನೆ. ದ್ವಿಪಾತ್ರದ ಚಿತ್ರಗಳನ್ನು ನೋಡುತ್ತ ಬೆಳೆದ ನಮಗೆ ಇದು ಹಳೆಯ ದಾರಿಯೇ. ಆದರೆ ಇಲ್ಲಿ ಮೋಸಹೋಗುವವರು ಮನುಷ್ಯರು ಮಾತ್ರ. ಅರಮನೆಯ ಬುಲ್‌ಡಾಗ್ ಮತ್ತಿತರ ಪ್ರಾಣಿಗಳಿಗೆ ಇವನು ತಮ್ಮ ಒಡೆಯನಲ್ಲವೆಂದು ತಿಳಿದಿರುತ್ತದೆ. ಡಾರ್ಗಿಸ್ ತಮ್ಮನ್ನು ಓಡಿಸದಿರಲಿ ಎಂದು ಗುಟ್ಟನ್ನು ಕಾಯುತ್ತವೆ. ಬಿಲ್ ಮರ್ರೆಯ ಸೋಮಾರಿ ದನಿಯಲ್ಲಿ ಗಾರ್ಫೀಲ್ಡ್ ಆಡುವ ಯಾವ ಮಾತೂ ಜಾನ್‌ಗೆ ಕೇಳಿಸುವುದಿಲ್ಲ, ಮಗುವಿಗೆ ಕೇಳಿಸುತ್ತದೆ. ಮನೆಯಲ್ಲಿ, ಶಾಲೆಯಲ್ಲಿ, ಎಲ್ಲೆಲ್ಲೂ ತನಗಿಂತ ಹೆಚ್ಚು ತಿಳಿದ ದೊಡ್ಡವರ ನಡುವೆಯೇ ದಿನ ಕಳೆಯುವ ಮಗುವಿಗೆ, ದೊಡ್ಡವರು ಕಾಣಲಾರದ್ದನ್ನು ತಾನೊಬ್ಬಳೇ ಕಾಣುತ್ತಿದ್ದೇನೆ ಎನ್ನಿಸುವ ಒಂದೂವರೆ ಗಂಟೆ ಎಷ್ಟು ದೊಡ್ಡ ಕೊಡುಗೆ! “ಅವನಿಗೆ ಗೊತ್ತೇ ಆಗ್ತಿಲ್ಲ” ಎಂಬ ಕೂಗು ಆ ಅಧಿಕಾರದ ಕೂಗು.

ಎರಡು ಬೆಕ್ಕುಗಳೂ ಎದುರುಬದುರಾಗುವ ದೃಶ್ಯದಲ್ಲಿ ಒಂದರ ಚಲನೆಯನ್ನು ಇನ್ನೊಂದು ಕನ್ನಡಿಯಂತೆ ಅನುಸರಿಸುತ್ತದೆ. 1933ರಲ್ಲಿ ಹಾಸ್ಯನಟರಾದ ಮಾರ್ಕ್ಸ್ ಸಹೋದರರು ‘ಡಕ್ ಸೂಪ್’ ಚಿತ್ರದಲ್ಲಿ ಮಾಡಿದ, ಅದಕ್ಕೂ ಹಿಂದೆ ಮೂಕಿ ಚಿತ್ರಗಳಲ್ಲಿದ್ದ ಆಟವಿದು. ಅವಳಿಗೆ ನಕ್ಕು ನಕ್ಕು ಉಸಿರು ಸಿಕ್ಕಿಹಾಕಿಕೊಂಡಿತು. ಆದರೂ ಎಡಗಡೆಯದು ಗಾರ್ಫೀಲ್ಡ್, ಬಲಗಡೆಯದು ಪ್ರಿನ್ಸ್ ಎಂದು ಹೇಳುವುದನ್ನು ಬಿಡಲಿಲ್ಲ. ಬಣ್ಣ, ಪಟ್ಟೆ, ಹೊಟ್ಟೆ ಎಲ್ಲ ಒಂದೇ ಆಗಿದ್ದರೂ ಅವಳು ನಡಿಗೆಯಿಂದ, ದನಿಯಿಂದ ಗುರುತಿಸುತ್ತಿದ್ದಳು. ಪ್ರಿನ್ಸ್‌ಗೆ ದನಿ ಕೊಟ್ಟ ಟಿಮ್ ಕರಿಯ ಗತ್ತನ್ನು ಅವಳಿಗೆ ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ.

ಜಾನ್ ತನ್ನ ಪ್ರೇಯಸಿ ಲಿಜ್‌ಳನ್ನು ಮದುವೆಗೆ ಕೇಳಲು ಪರದಾಡುವ ಭಾಗ ಬಂದಾಗಲೆಲ್ಲ ಅವಳ ಗಮನ ಬೇರೆಡೆ ಹೋಗುತ್ತಿತ್ತು, ನನ್ನದೂ ಅಷ್ಟೇ. ಜಿಮ್ ಡೇವಿಸ್ 1978ರಲ್ಲಿ ಪತ್ರಿಕೆಗಳಿಗಾಗಿ ಬರೆಯತೊಡಗಿದ ಗಾರ್ಫೀಲ್ಡ್ ಚಿತ್ರಪಟ್ಟಿಯಲ್ಲೂ (ಕಾಮಿಕ್ ಸ್ಟ್ರಿಪ್) ಜಾನ್ ಇಂಥವನೇ: ಪ್ರೀತಿ ಇದೆ, ತಿಳಿವಳಿಕೆ ಕಡಿಮೆ. ತನ್ನನ್ನು ಸಾಕುವವನಿಗಿಂತ ತಾನೇ ಹೆಚ್ಚು ಬಲ್ಲೆನೆಂಬ ಬೆಕ್ಕಿನ ಭಾವದಲ್ಲಿಯೇ ಆ ಪಟ್ಟಿಯ ನಗು ಇದೆ. 2004ರ ಮೊದಲ ಚಿತ್ರದಲ್ಲಿ ಓಡಿ ಎಂಬ ನಾಯಿಮರಿ ಮನೆಗೆ ಬಂದುದಕ್ಕೆ ಗಾರ್ಫೀಲ್ಡ್ ಹೊಟ್ಟೆಕಿಚ್ಚುಪಡುವುದನ್ನು ಮಗು ನೋಡುತ್ತ ಕೂರುತ್ತದೆ, ಅಷ್ಟೇ. ಎರಡನೆಯದರಲ್ಲಿ ಮಗುವಿಗೊಂದು ಕೆಲಸವಿದೆ, ಕಾಯಬೇಕಾದ ಗುಟ್ಟಿದೆ. ಆದ್ದರಿಂದಲೇ, ಅವಳ ತಂದೆಯವರು ಏನೇ ಹೇಳಲಿ, ಎರಡರಲ್ಲಿ ಇದೇ ಒಳ್ಳೆಯ ಚಿತ್ರವೆಂದು ನಾನು ಹೇಳುತ್ತೇನೆ.