ಒಂದೇ ಮನೆಯಲ್ಲಿ ತಪ್ಪಿತು ಅನ್ನಿಸುವುದು ಯಾಕೆ?

ಶುಕ್ರವಾರ ರಾತ್ರಿ ಆನಂದರಾವ್ ಸರ್ಕಲ್‌ನಲ್ಲಿ ಗೋವಾ ಬಸ್ ಹತ್ತುವವರಲ್ಲಿ ಮಾಂಡೋವಿ ನದಿಯ ಕ್ಯಾಸಿನೋ ಹಡಗಿಗೆ ಹೊರಟವರೂ ಇರುತ್ತಾರೆ. ಅಲ್ಲಿ ಸ್ಲಾಟ್ ಮಷೀನ್, ಅಂದರೆ ಬಟನ್ ಒತ್ತಿದರೆ ಚಿತ್ರಗಳ ಚಕ್ರ (ರೀಲ್) ತಿರುಗುವ ಜೂಜಿನ ಯಂತ್ರದ ಮುಂದೆ ಕೂತವರ ಗೋಳು ಒಂದೇ: "ಛೇ, ಒಂದೇ ಮನೆಯಲ್ಲಿ ತಪ್ಪಿತು ಕಣೋ!"

ತಪ್ಪಿದ್ದು ಒಂದು ಮನೆಯಲ್ಲಲ್ಲ. ಬಟನ್ ಒತ್ತಿದ ಕ್ಷಣವೇ ಒಳಗಿನ ಚಿಪ್ ಒಂದು ಸಂಖ್ಯೆ ಎತ್ತಿ ಫಲಿತಾಂಶ ತೀರ್ಮಾನಿಸಿರುತ್ತದೆ. ರೀಲ್ ತಿರುಗುವುದು ಬರೀ ನಾಟಕ. ಮೂರು ರೀಲ್, ಒಂದೊಂದರಲ್ಲೂ 22 ಮನೆ, ಜಾಕ್‌ಪಾಟ್ ಚಿತ್ರ ತಲಾ ಒಂದು ಎಂದಿಟ್ಟುಕೊಳ್ಳಿ. ಕಣ್ಣಳತೆಯ ಲೆಕ್ಕದಲ್ಲಿ ಮೂರರಲ್ಲೂ ಆ ಚಿತ್ರ ಒಟ್ಟಿಗೆ 10,648ಕ್ಕೆ ಒಂದು ಸಲ ಬರಬೇಕು. ಆದರೆ 1984ರಲ್ಲಿ ಇಂಗೆ ಟೆಲ್ನೇಸ್ ಅಮೆರಿಕದಲ್ಲಿ ಪೇಟೆಂಟ್ ಪಡೆದ ಉಪಾಯದಿಂದ ಚಿಪ್‌ನೊಳಗೆ ಇನ್ನೂ ಉದ್ದದ, ಕಾಣದ ರೀಲ್ ಇಡಬಹುದು. ಅದರಲ್ಲಿ 64 ಮನೆಯಿದ್ದರೆ ಜಾಕ್‌ಪಾಟ್ 2,62,144ಕ್ಕೆ ಒಂದು ಸಲ. ಆ 64 ಸಂಖ್ಯೆಗಳಲ್ಲಿ ಜಾಕ್‌ಪಾಟ್ ಚಿತ್ರಕ್ಕೆ ಒಂದೇ ಸಂಖ್ಯೆ ಕೊಟ್ಟು, ಅದರ ಮೇಲಿನ, ಕೆಳಗಿನ ಖಾಲಿ ಮನೆಗಳಿಗೆ ಆರಾರು ಕೊಟ್ಟರೆ, ಆ ರೀಲಿನಲ್ಲಿ ಚಿತ್ರ ಒಂದು ಸಲ ಬರುವಷ್ಟರಲ್ಲಿ ಪಕ್ಕದ ಮನೆ ಸರಾಸರಿ 12 ಸಲ ಬಂದಿರುತ್ತದೆ. "ಛೇ" ಹುಟ್ಟುವುದು ಅಲ್ಲಿ.

"ಬಹಳ ಹೊತ್ತಿಂದ ಕೊಟ್ಟಿಲ್ಲ, ಈಗ ಕೊಡುತ್ತೆ" ಎಂಬುದೂ ಸುಳ್ಳು. ಚೌಕಾಬಾರದ ಕವಡೆಗೆ ಹಿಂದಿನ ಗರ ನೆನಪಿರುತ್ತದೆಯೇ?

ಮುಖ್ಯ ಲೆಕ್ಕ ದುಡ್ಡಿನದು. ಲೈನಿಗೆ (ಗೆಲುವಿಗೆ ಚಿತ್ರಗಳು ಹೊಂದಬೇಕಾದ ಸಾಲಿಗೆ) 1 ರೂಪಾಯಿ ಅಂತ ಕಂಡರೂ 20 ಲೈನಿದ್ದರೆ ಒತ್ತಿದಾಗಲೆಲ್ಲ 20 ರೂಪಾಯಿ ಹೋಗುತ್ತದೆ, ಹಾಗಾಗಿ ಪರದೆಯಲ್ಲಿ ಒಟ್ಟು ಬೆಟ್ ನೋಡಿ. ನಿಮಿಷಕ್ಕೆ 10 ಸಲ ಒತ್ತಿದರೆ ಗಂಟೆಗೆ 12,000 ರೂಪಾಯಿ ಆಟಕ್ಕಿಟ್ಟಂತೆ. ಮಷೀನ್ 92% ಹಿಂದಿರುಗಿಸುವಂಥದ್ದಾದರೆ ಸರಾಸರಿ 960 ರೂಪಾಯಿ ನಷ್ಟ. ನಿಮಿಷಕ್ಕೆ ಐದೇ ಸಲ ಒತ್ತಿದರೆ 480. ತಾನೇ ಆಡುತ್ತಾ ಹೋಗುವ ಆಟೋಪ್ಲೇ ಬಟನ್ ಮುಟ್ಟಲೇಬೇಡಿ. ಇದು ಸರಾಸರಿ ಮಾತ್ರ. ಒಂದು ರಾತ್ರಿಯಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚೂ ಹೋಗಬಹುದು.

20 ಹಾಕಿ 8 ಬಂದರೂ ಮಷೀನ್ ಗಂಟೆ ಬಾರಿಸಿ ಸಂಭ್ರಮಿಸುತ್ತದೆ. ಅದು 12 ರೂಪಾಯಿ ಸೋಲು. ಸದ್ದನ್ನು ನಂಬಬೇಡಿ, ಉಳಿದ ಹಣ ತೋರಿಸುವ ಕ್ರೆಡಿಟ್ ಅಂಕಿ ನೋಡಿ.

ಕಳೆದರೂ ಪರವಾಗಿಲ್ಲ ಅನ್ನುವಷ್ಟು ನಗದು ಮಾತ್ರ ಜೇಬಿನಲ್ಲಿರಲಿ, ಕಾರ್ಡ್ ರೂಮಿನಲ್ಲಿರಲಿ. ಗೆದ್ದರೆ ಆಗಲೇ ಕ್ಯಾಶ್‌ಔಟ್ ಒತ್ತಿ. ಗೆದ್ದ ಹಣಕ್ಕೆ 30% ಆದಾಯ ತೆರಿಗೆ, ಮೇಲೆ ಸೆಸ್ಸು. ಸೋತದ್ದನ್ನು ಅದರಲ್ಲಿ ಕಳೆಯುವಂತಿಲ್ಲ.

ಬೆಂಗಳೂರಲ್ಲೇ ಕೂತು ಫೋನಿನಲ್ಲಿ ಆಡೋಣವೆಂದರೆ, 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆಟಗಳನ್ನೇ ನಿಷೇಧಿಸಿದೆ. ಲಿಂಕ್ ಕಳಿಸಿ ಕರೆಯುವ ಸ್ಲಾಟ್ ಆ್ಯಪ್‌ನಲ್ಲಿ ಗೆದ್ದ ಹಣ ಕೊಡದಿದ್ದರೆ ಕೇಳಲು ಅಲ್ಲಿ ಕೌಂಟರೂ ಇಲ್ಲ, ಮ್ಯಾನೇಜರೂ ಇಲ್ಲ.