ಕಡಲೆಕಾಯಿಗೆ ನೀರು ಕೊಡದ ದಿನಗಳು

ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಪರಿಷೆಯಲ್ಲಿ ಕೊಂಡು ತಂದ ಹಸಿ ಕಡಲೆಕಾಯಿಯನ್ನು ಬಿಡಿಸುತ್ತ ಕುಳಿತಾಗ, ಹೊರಗೆ ತುಂಬಿದಂತೆ ಕಂಡ ಹಲವು ಕಾಯಿಗಳು ಒಳಗೆ ಜೊಳ್ಳಾಗಿದ್ದವು. ಸುಣ್ಣದಂಶ ಸಾಲದಿದ್ದರೆ ಕಾಯಿ ಹೀಗೆ ಜೊಳ್ಳಾಗುತ್ತದೆ. ತನಗೆ ಬೇಕಾದ ಆ ಅಂಶವನ್ನು ಕಾಯಿ ಬೇರಿನಿಂದ ಪಡೆಯುವುದಿಲ್ಲ. ತನ್ನ ಸುತ್ತಲಿನ ಮಣ್ಣಿನಿಂದ ತಾನೇ ಹೀರಿಕೊಳ್ಳುತ್ತದೆ. ಕಾಯಿ ತುಂಬುವ ಹೊತ್ತಿನಲ್ಲಿ ಮೇಲ್ಮಣ್ಣು ಒಣಗಿದರೆ, ಸುಣ್ಣದಂಶಕ್ಕೆಂದು ಹಾಕಿದ ಜಿಪ್ಸಂ ಹೊಲದಲ್ಲೇ ಇದ್ದರೂ ಕಾಯಿಗೆ ಸಿಗುವುದಿಲ್ಲ.

ಪಾವಗಡದ ಕಡೆ ನಮ್ಮ ದೊಡ್ಡಪ್ಪನವರ ಹೊಲದಲ್ಲಿ ಕಳೆದ ಬೇಸಿಗೆ ಆದದ್ದೂ ಇದೇ. ಕೊಳವೆಬಾವಿಗೆ ಆಟೊ ಸ್ಟಾರ್ಟರ್ ಹಾಕಿ ಬಿಟ್ಟಿದ್ದೆವು. ಕರೆಂಟು ಬಂದಾಗಲೆಲ್ಲ ನೀರು ಹರಿಯಿತು, ಗಿಡ ಮೊಣಕಾಲೆತ್ತರ ಸೊಂಪಾಗಿ ಬೆಳೆಯಿತು, ಕಾಯಿ ಕಟ್ಟುವ ಹೊತ್ತಿಗೆ ಬಾವಿ ಸೊರಗಿತು. ಒಂದು ಎಕರೆಗೆ 5 ಸೆಂಟಿಮೀಟರ್ ನೀರು ನಿಲ್ಲಿಸುವುದೆಂದರೆ ಸುಮಾರು 2 ಲಕ್ಷ ಲೀಟರ್. ಇಲ್ಲಿ ನಮ್ಮ ಬಡಾವಣೆಗೆ ಬರುವ 6,000 ಲೀಟರಿನ ಟ್ಯಾಂಕರಿನ ಲೆಕ್ಕದಲ್ಲಿ ಅದು 33 ಟ್ಯಾಂಕರ್. ಅಷ್ಟನ್ನು ಬೇಡದ ದಿನಗಳಲ್ಲಿ ಸುರಿದಿದ್ದೆವೆಂಬುದು ನನ್ನನ್ನು ಇಂದಿಗೂ ಕೊರೆಯುತ್ತದೆ.

ಬೀಜ ಮೊಳೆತು, ಪೈರು ನಿಂತ ಮೇಲೆ ಬಿತ್ತನೆಯಿಂದ 20–25 ದಿನಗಳವರೆಗೆ ಕಡಲೆಕಾಯಿಗೆ ನೀರು ತಡೆಹಿಡಿಯಬಹುದು, ತಡೆಹಿಡಿಯುವುದೇ ಒಳ್ಳೆಯದು. ಬೇರು ಆಳಕ್ಕಿಳಿಯುತ್ತದೆ, ಬರಿ ಸೊಪ್ಪು ಬೆಳೆಯುವುದು ತಗ್ಗುತ್ತದೆ, ಮುಂದೆ ನೀರು ಕಂಡೊಡನೆ ಹೂವು ಒಟ್ಟಿಗೇ ಬರುವುದರಿಂದ ಕಾಯಿಯೂ ಒಟ್ಟಿಗೇ ಬಲಿಯುತ್ತದೆ. ಮಧ್ಯಾಹ್ನ ಎಲೆ ಜೋತುಬಿದ್ದರೂ ಮರುದಿನ ಬೆಳಿಗ್ಗೆ ಬಿಚ್ಚಿಕೊಂಡು ನಿಂತಿದ್ದರೆ ಗಾಬರಿಪಡಬೇಕಾಗಿಲ್ಲ. ಆದರೆ ಹೂವು ಬಿಡುವಾಗ, ಹೂವಿನ ಬುಡದಿಂದ ಹೊರಟ ಸೂಜಿಯಂಥ ಮೊನೆ ಮಣ್ಣಿಗಿಳಿಯುವಾಗ ಮತ್ತು ಕಾಯಿ ತುಂಬುವಾಗ ಕೈಬಿಗಿ ಮಾಡುವಂತಿಲ್ಲ, ಏಕೆಂದರೆ ಗಟ್ಟಿಯಾದ ಒಣ ನೆಲದೊಳಗೆ ಆ ಮೊನೆ ಇಳಿಯಲಾರದು.

ಹನಿ ನೀರಾವರಿ ಇದ್ದವರಿಗೆ ಇದು ಸುಲಭ. ಇಲ್ಲದವರು ಸಾಲು ಬಿಟ್ಟು ಸಾಲಿಗೆ ನೀರು ಹಾಯಿಸಬಹುದು. ಎರೆಭೂಮಿಯವರಿಗಾದರೆ ಹಿಂಗಾರಿನಲ್ಲಿ ಕುಸುಬೆಯೇ ಇದೆ. ಅದರ ತಾಯಿಬೇರು ಆಳದ ತೇವವನ್ನು ಹುಡುಕಿಕೊಂಡು ಹೋಗುತ್ತದೆ. ನಮ್ಮದು ಕೆಂಪು ಮರಳುಮಣ್ಣು, ಆ ಭಾಗ್ಯವಿಲ್ಲ.

ಜನವರಿಯ ಬಿತ್ತನೆಗೆ ಮೊದಲೇ ದೊಡ್ಡಪ್ಪನವರಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. "ಬಾಡಿದ ಪೈರು ನೋಡ್ಕಂಡು ಸುಮ್ನೆ ಕೂರಕ್ಕಾಗ್ತದೇನಪ್ಪ?" ಎಂದರು. ಒಂದು ಎಕರೆಯಲ್ಲಿ ಮಾತ್ರ ನೋಡೋಣವೆಂದು ಬೇಡಿಕೊಂಡ ಮೇಲೆ ಒಪ್ಪಿದ್ದಾರೆ. ಆಟೊ ಸ್ಟಾರ್ಟರನ್ನು ನಾನೇ ಹೋಗಿ ಬಿಚ್ಚಬೇಕಂತೆ.