ಮ್ಯಾಕ್‌ಓಎಸ್ ಅಪ್‌ಗ್ರೇಡ್ ಆದಮೇಲೆ ಜಿಸಿಸಿ ಕೈಕೊಟ್ಟರೆ ಎಲ್ಲಿಂದ ಹುಡುಕಬೇಕು

ಮ್ಯಾಕ್‌ಗೆ ಹೊಸ ಆವೃತ್ತಿ ಹಾಕಿದ ಮೇಲೆ ಜಿಸಿಸಿ (ಸಿ ಕೋಡನ್ನು ಓಡುವ ಪ್ರೋಗ್ರಾಂ ಆಗಿಸುವ ಕಂಪೈಲರ್) ಅಥವಾ ಅದರ ಫೋರ್ಟ್ರಾನ್ ಜೋಡಿ ಜಿಫೋರ್ಟ್ರಾನ್ ಓಡದೆ ಹೋದರೆ, ಬಹಳ ಮಂದಿ ಮೊದಲು ಕಂಪೈಲರನ್ನೇ ಕಿತ್ತು ಮತ್ತೆ ಹಾಕುತ್ತಾರೆ. ಹೆಚ್ಚಿನ ಸಲ ಕಂಪೈಲರ್ ನೆಟ್ಟಗೇ ಇರುತ್ತದೆ. ಅದು ನೆಚ್ಚಿಕೊಂಡಿದ್ದ ಹೆಡರ್ (ಫಂಕ್ಷನ್‌ಗಳ ಘೋಷಣೆ ಇರುವ ಫೈಲ್), ಲೈಬ್ರರಿ (ಸಿದ್ಧ ಕೋಡಿನ ಕಟ್ಟು), ಲಿಂಕರ್ (ತುಣುಕುಗಳನ್ನು ಜೋಡಿಸಿ ಪ್ರೋಗ್ರಾಂ ಮಾಡುವುದು) ಮೂರೂ ಆಪಲ್‌ನವು. ಜಾಗ ಬದಲಾಗುವುದು ಅವುಗಳದು.

2018ರ ಮೊಹಾವೆಯಿಂದ (10.14) ಹೆಡರ್‌ಗಳು /ಯುಎಸ್‌ಆರ್/ಇನ್‌ಕ್ಲೂಡ್‌ಗೆ ತಾವಾಗಿ ಬರುವುದು ನಿಂತಿತು. 2019ರ ಕ್ಯಾಟಲೀನಾದಲ್ಲಿ (10.15) ಸಿಸ್ಟಂ ಡಿಸ್ಕ್ ಭಾಗವೇ ಓದಲು ಮಾತ್ರ ಎಂದಾಯಿತು. 2020ರ ಬಿಗ್ ಸರ್‌ನಲ್ಲಿ (11) ಸಿಸ್ಟಂ ಲೈಬ್ರರಿಗಳ ಫೈಲ್‌ಗಳೂ ಡಿಸ್ಕ್‌ನಿಂದ ಮರೆಯಾಗಿ ಒಂದು ದೊಡ್ಡ ಕ್ಯಾಶ್‌ನೊಳಗೆ ಸೇರಿದವು. ಲಿಂಕರ್‌ಗೆ ಈಗ ಸಿಗುವುದು ಎಸ್‌ಡಿಕೆ (ಪ್ರೋಗ್ರಾಂ ಕಟ್ಟಲು ಆಪಲ್ ಕೊಡುವ ಹೆಡರ್, ಲೈಬ್ರರಿ ಕಟ್ಟು) ಒಳಗಿನ .ಟಿಬಿಡಿ ಎಂಬ ಪುಟ್ಟ ಪಠ್ಯ ಫೈಲ್‌ಗಳು ಮಾತ್ರ. ಹಾಗಾಗಿ ಹೆಡರ್‌ಗಳನ್ನು ಹಳೆಯ ಜಾಗಕ್ಕೆ ನಕಲು ಮಾಡಿ ಎನ್ನುವ ಹಳೆಯ ಸಲಹೆಗಳನ್ನು ಬಿಟ್ಟುಬಿಡಿ. ದಾರಿ ಎಸ್‌ಡಿಕೆ ಮೂಲಕವೇ.

ಮೊದಲು ಯಾವ ಕಂಪೈಲರ್ ಓಡುತ್ತಿದೆ ಎಂದು ನೋಡಿ. ಮ್ಯಾಕ್‌ನಲ್ಲಿ ಬರೀ ‘ಜಿಸಿಸಿ’ ಎಂದು ಟೈಪ್ ಮಾಡಿದರೆ ಬರುವುದು ಆಪಲ್‌ನ ಕ್ಲ್ಯಾಂಗ್. ಮ್ಯಾಕ್‌ಗೆ ತಂತ್ರಾಂಶ ತಂದು ಹಾಕುವ ಹೋಮ್‌ಬ್ರೂನ ನಿಜವಾದ ಜಿಸಿಸಿಗೆ ‘ಜಿಸಿಸಿ-14’, ‘ಜಿಸಿಸಿ-15’ ಎಂದು ಆವೃತ್ತಿಯ ಅಂಕಿ ಸೇರಿಸಬೇಕು. ಜಿಫೋರ್ಟ್ರಾನ್‌ಗೆ ಈ ಗೊಂದಲವಿಲ್ಲ, ಆಪಲ್‌ನ ಬಳಿ ಫೋರ್ಟ್ರಾನ್ ಕಂಪೈಲರ್ ಇಲ್ಲ.

‘ಎಕ್ಸ್‌ಸಿರನ್’ (ಆಪಲ್‌ನ ಕಂಪೈಲರ್ ಸಲಕರಣೆಗಳನ್ನು ಹುಡುಕಿ ಓಡಿಸುವ ಆದೇಶ) ಹೆಸರಿನಲ್ಲಿ ಡೆವಲಪರ್ ಪಾತ್ ಸರಿಯಿಲ್ಲ ಎಂಬ ದೋಷ ಬಂದರೆ, ಅಪ್‌ಗ್ರೇಡ್‌ನಲ್ಲಿ ಕಮಾಂಡ್ ಲೈನ್ ಟೂಲ್ಸ್ (ಎಸ್‌ಡಿಕೆ, ಲಿಂಕರ್ ಇರುವ ಆಪಲ್‌ನ ಕಟ್ಟು) ಹೋಗಿದೆ ಎಂದರ್ಥ. ‘ಎಕ್ಸ್‌ಕೋಡ್-ಸೆಲೆಕ್ಟ್ --ಇನ್‌ಸ್ಟಾಲ್’ ಸಾಕು. ಆಗಲೇ ಇದೆ ಎಂದು ಅದು ಹಟ ಹಿಡಿದರೆ, /ಲೈಬ್ರರಿ/ಡೆವಲಪರ್ ಒಳಗಿನ ಕಮಾಂಡ್‌ಲೈನ್‌ಟೂಲ್ಸ್ ಫೋಲ್ಡರನ್ನು ಸುಡೋ (ಅಡ್ಮಿನ್ ಹಕ್ಕು ಕೊಡುವ ಆದೇಶ) ಹಾಕಿ ಅಳಿಸಿ, ಅದೇ ಆದೇಶ ಮತ್ತೆ ಕೊಡಿ.

ಇನ್ನು ತಪ್ಪು ಯಾವ ಹಂತದ್ದು ಎಂದು ಬೇರ್ಪಡಿಸಿ. ‘ಎಸ್‌ಟಿಡಿಐಓ.ಎಚ್’ ಹೆಡರ್ ಸೇರಿಸಿದ ನಾಲ್ಕು ಸಾಲಿನ ಸಿ ಪ್ರೋಗ್ರಾಂ ಒಂದು, ‘ಪ್ರಿಂಟ್’ ಇರುವ ಫೋರ್ಟ್ರಾನ್ ಪ್ರೋಗ್ರಾಂ ಒಂದು ಇಟ್ಟುಕೊಳ್ಳಿ. ಎರಡನ್ನೂ ಮೊದಲು ‘-ಸಿ’ ಆಯ್ಕೆ ಕೊಟ್ಟು ಕಂಪೈಲ್ ಮಾತ್ರ ಮಾಡಿ, ಆಮೇಲೆ ಲಿಂಕ್ ಮಾಡಿ. ಇಂಥ ಫೋರ್ಟ್ರಾನ್ ಕೋಡ್ ಸಿಸ್ಟಂನ ಸಿ ಹೆಡರ್‌ಗಳನ್ನು ಓದುವುದೇ ಇಲ್ಲ. ಅದು ಕಂಪೈಲ್ ಆಗಿ, ಸಿ ಮಾತ್ರ ನಿಂತರೆ ತೊಂದರೆ ಹೆಡರ್‌ನದು. ಎರಡೂ ಕಂಪೈಲ್ ಆಗಿ ಲಿಂಕ್‌ನಲ್ಲಿ ಬಿದ್ದರೆ ಎಸ್‌ಡಿಕೆ ದಾರಿ ಅಥವಾ ಲಿಂಕರ್ ಕಡೆ ತಿರುಗಿ.

ಹೆಡರ್ ತೊಂದರೆಯೇ ಹೆಚ್ಚು ಹೊತ್ತು ತಿನ್ನುವುದು. ಜಿಸಿಸಿಯನ್ನು ಕಟ್ಟುವಾಗ ‘ಫಿಕ್ಸ್‌ಇನ್‌ಕ್ಲೂಡ್ಸ್’ ಎಂಬ ಹಂತವಿದೆ. ಆಪಲ್‌ನ ಹೆಡರ್‌ಗಳಲ್ಲಿ ತನಗೆ ಒಗ್ಗದವನ್ನು ತಿದ್ದಿ, ‘ಇನ್‌ಕ್ಲೂಡ್-ಫಿಕ್ಸ್‌ಡ್’ ಫೋಲ್ಡರಿನಲ್ಲಿ ತನ್ನದೇ ಪ್ರತಿ ಇಟ್ಟುಕೊಳ್ಳುತ್ತದೆ. ಹುಡುಕುವಾಗ ಈ ಪ್ರತಿಗೇ ಮೊದಲ ಸರದಿ. ಎಸ್‌ಡಿಕೆ ಹೊಸದಾದರೂ ಪ್ರತಿ ಹಳೆಯದೇ ಉಳಿಯುವುದರಿಂದ ಎರಡಕ್ಕೂ ತಾಳೆಯಾಗುವುದಿಲ್ಲ. ‘_ಬೌಂಡ್ಸ್.ಎಚ್’ ಸಿಗುತ್ತಿಲ್ಲ, ‘ಫೈಲ್’ ಎಂಬ ಟೈಪ್ ಗೊತ್ತಿಲ್ಲ ಎನ್ನುವಂಥ ದೋಷಗಳು ಇದರಿಂದಲೇ ಬರುತ್ತವೆ. ದೋಷದ ಸಾಲಿನಲ್ಲಿ ಇನ್‌ಕ್ಲೂಡ್-ಫಿಕ್ಸ್‌ಡ್ ಹೆಸರು ಕಂಡರೆ ಆ ಫೈಲನ್ನೇ ತೆರೆಯಿರಿ. ತಲೆಯಲ್ಲಿರುವ ಟಿಪ್ಪಣಿಯಲ್ಲಿ ಅದು ಯಾವ ಎಸ್‌ಡಿಕೆಯಿಂದ ಬಂದ ಪ್ರತಿ ಎಂದು ಪೂರ್ತಿ ದಾರಿ ಬರೆದಿರುತ್ತದೆ. ಅಲ್ಲಿ ಮ್ಯಾಕ್‌ಓಎಸ್‌ಎಕ್ಸ್14 ಎಂದಿದ್ದು ನಿಮ್ಮದು 15 ಆಗಿದ್ದರೆ ಉತ್ತರ ಸಿಕ್ಕಿತು.

ಹೋಮ್‌ಬ್ರೂ ಬಳಸುವವರು ಮೊದಲು ‘ಬ್ರೂ ಅಪ್‌ಡೇಟ್’ ಮಾಡಿ, ಆಮೇಲೆ ಜಿಸಿಸಿಯನ್ನು ‘ರೀಇನ್‌ಸ್ಟಾಲ್’ ಮಾಡಲಿ. ಕಿತ್ತು ಹಾಕುವುದಕ್ಕೆ ನಿಜವಾದ ಕಾರಣವಿರುವುದು ಇಲ್ಲಿ. ಮೂಲದಿಂದ ಕಟ್ಟಿಕೊಂಡವರಿಗೆ ‘ಇನ್‌ಸ್ಟಾಲ್-ಟೂಲ್ಸ್’ ಫೋಲ್ಡರಿನಲ್ಲಿ ‘ಎಂಕೆಹೆಡರ್ಸ್’ ಎಂಬ ಸ್ಕ್ರಿಪ್ಟ್ ಇದೆ, ಅದು ಪ್ರತಿಗಳನ್ನು ಹೊಸದಾಗಿ ತಯಾರಿಸುತ್ತದೆ. ತುರ್ತಿದ್ದರೆ ಜಗಳ ಮಾಡುವ ಆ ಒಂದು ಫೈಲಿನ ಹೆಸರು ಬದಲಿಸಿದರೂ ನಡೆದೀತು. ಇಡೀ ಫೋಲ್ಡರ್ ಅಳಿಸಬೇಡಿ: ಹಳೆಯ ಜಿಸಿಸಿಗಳಲ್ಲಿ ‘ಲಿಮಿಟ್ಸ್.ಎಚ್’ ಅಲ್ಲೇ ಇರುತ್ತದೆ, ಅದು ಜಿಸಿಸಿಯ ಸ್ವಂತ ಫೈಲ್.

ಲಿಂಕ್ ಮಾಡುವಾಗ ‘ಸಿಸ್ಟಂ’ ಲೈಬ್ರರಿ ಸಿಗಲಿಲ್ಲ ಎಂದರೆ, ಜಿಸಿಸಿಯೊಳಗೆ ಬರೆದಿಟ್ಟ ಎಸ್‌ಡಿಕೆ ದಾರಿ ಈಗ ಇಲ್ಲ. ‘-ಪ್ರಿಂಟ್-ಸಿಸ್‌ರೂಟ್’ ಕೊಟ್ಟರೆ ಆ ದಾರಿ ತೋರಿಸುತ್ತದೆ. ‘ಎಕ್ಸ್‌ಸಿರನ್ --ಶೋ-ಎಸ್‌ಡಿಕೆ-ಪಾತ್’ ಈಗಿನ ದಾರಿ ಹೇಳುತ್ತದೆ. ಎರಡೂ ಹೊಂದದಿದ್ದರೆ ಈಗಿನದನ್ನು ‘-ಐಸಿಸ್‌ರೂಟ್’ ಮೂಲಕ ಕೊಡಿ, ಇಲ್ಲವೇ ‘ಎಸ್‌ಡಿಕೆರೂಟ್’ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಇಡಿ. ಈಚಿನ ಜಿಸಿಸಿಗಳು ಅದನ್ನು ಓದುತ್ತವೆ.

2023ರಲ್ಲಿ ಎಕ್ಸ್‌ಕೋಡ್ 15 ಜೊತೆ ಆಪಲ್ ಹೊಸ ಲಿಂಕರ್ ತಂದಿತು. ಆಗಿನ ಜಿಫೋರ್ಟ್ರಾನ್‌ನಿಂದ ಬಂದ ಕೆಲವು ಆಬ್ಜೆಕ್ಟ್ ಫೈಲ್‌ಗಳ (ಕಂಪೈಲ್ ಆಗಿ ಇನ್ನೂ ಲಿಂಕ್ ಆಗದವು) ಮೇಲೆ ಅದು ‘ಅಸರ್ಷನ್ ಫೇಲ್ಡ್’ ಎಂದು ನಿಲ್ಲುತ್ತಿತ್ತು. ‘-ಡಬ್ಲ್ಯುಎಲ್,-ಎಲ್‌ಡಿ_ಕ್ಲಾಸಿಕ್’ ಸೇರಿಸಿದರೆ ಹಳೆಯ ಲಿಂಕರ್ ಓಡುತ್ತದೆ. ಇದನ್ನು ಮೇಕ್‌ಫೈಲ್‌ನಲ್ಲಿ (ಪ್ರಾಜೆಕ್ಟ್ ಕಟ್ಟುವ ಆದೇಶಗಳ ಫೈಲ್) ಕಾಯಂ ಮಾಡಬೇಡಿ. ಆಪಲ್ ಇದನ್ನು ತೆಗೆದುಹಾಕುವ ಸೂಚನೆ ಕೊಟ್ಟಿದೆ. ಹೊಸ ಜಿಸಿಸಿ ಹಾಕುವುದೇ ಸರಿ.

ಇಷ್ಟೆಲ್ಲ ಆಗಿ ಪುಟ್ಟ ಪ್ರೋಗ್ರಾಂಗಳು ಓಡಿ, ನಿಮ್ಮ ನಿಜವಾದ ಪ್ರಾಜೆಕ್ಟ್ ಮಾತ್ರ ಹಳೆಯ ದೋಷವನ್ನೇ ಕೊಡುತ್ತಿದ್ದರೆ, ಅದನ್ನು ಕಟ್ಟುವ ಸಾಧನ ಸಿಮೇಕ್ ಆಗಿದ್ದಲ್ಲಿ ಅದರ ಕ್ಯಾಶ್ ಫೈಲ್ ನೋಡಿ. ಕಂಪೈಲರ್ ದಾರಿಯನ್ನು ಸಿಮೇಕ್ ಮೊದಲ ಸಲವೇ ಅದರಲ್ಲಿ ಬರೆದಿಡುತ್ತದೆ, 4.0ಕ್ಕಿಂತ ಹಿಂದಿನ ಸಿಮೇಕ್ ಎಸ್‌ಡಿಕೆ ದಾರಿಯನ್ನೂ ಬರೆದಿಡುತ್ತದೆ. ಬಿಲ್ಡ್ ಫೋಲ್ಡರನ್ನು ಪೂರ್ತಿ ಅಳಿಸಿ ಹೊಸದಾಗಿ ಕಾನ್ಫಿಗರ್ ಮಾಡಿ.